ಹದ್ದಿಗೆ ಹೊದಿಸಿದ ನೇರಳೆ ಬಟ್ಟೆ

ಏಪ್ರಿಲ್ 2, 1983. ಈಸ್ಟರ್ ಹಬ್ಬದ ಹಿಂದಿನ ದಿನ. ಮಧ್ಯಾಹ್ನ 2.20ಕ್ಕೆ ಫಾದರ್ ಪಾಮರ್ ಏದುಸಿರು ಬಿಡುತ್ತಾ ಸಂಕ್ಟ್ ಗಾಂಗೋಲ್ಫ್ ಊರಿನ ಪೊಲೀಸ್ ಠಾಣೆಗೆ ಬಂದರು.

"ಹದ್ದು ಇಲ್ಲ."

"ಯಾವ ಹದ್ದು, ಫಾದರ್?" ಇನ್ಸ್‌ಪೆಕ್ಟರ್ ಲಿಯೋಪೋಲ್ಡ್ ಹಾಗರ್ ಕೇಳಿದ.

"ಚಕ್ರವರ್ತಿಯ ಉಪ್ಪರಿಗೆ ಮೇಲಿಂದು ಕಣಯ್ಯ! ಬಟ್ಟೆ ತೆಗೆದ್ರೆ ಒಳಗೆ ಬರೀ ಹುಲ್ಲಿನ ಸಿಂಬಿ!"

ಹಾಗರ್ ದೂರು ದಾಖಲಿಸಿಕೊಂಡು, ಕಾನ್‌ಸ್ಟೆಬಲ್ ಲೀಬ್‌ನನ್ನು ಕರೆದುಕೊಂಡು ಚರ್ಚಿಗೆ ಹೊರಟ.

ಕಳುವಾದದ್ದು ಚರ್ಚಿನೊಳಗೆ ಚಕ್ರವರ್ತಿ ಕೂರಲೆಂದು ಕಟ್ಟಿದ ಉಪ್ಪರಿಗೆಯ ಮೇಲಿದ್ದ ಅವನ ಲಾಂಛನ: ಎರಡು ತಲೆಯ ಮರದ ಹದ್ದು, ಹೆಚ್ಚುಕಡಿಮೆ ಗಂಡಭೇರುಂಡವೇ. ಒಂದು ತೋಳುದ್ದ, ನೆತ್ತಿಯ ಮೇಲೆ ಕಿರೀಟ, ಕಾಲಲ್ಲಿ ಕತ್ತಿ. ಚಾವಣಿಯಲ್ಲಿ ಪವಿತ್ರಾತ್ಮವೆಂದು ಕೆತ್ತಿದ ಪಾರಿವಾಳದಿಂದ ಹೊರಟ ಚಿನ್ನದ ಕಿರಣ ಮೊದಲು ಆ ಕಿರೀಟಕ್ಕೆ ತಾಗಿ, ಆಮೇಲೆ ಕೆಳಗೆ ಕೂತ ಜನರ ಕಡೆ ಬರುತ್ತದೆ. ಇನ್ನೂರೈವತ್ತು ವರ್ಷದಿಂದ ದೇವರ ಬೆಳಕು ಹೀಗೆ ದರ್ಜೆ ನೋಡಿಕೊಂಡೇ ಇಳಿಯುತ್ತಿದೆ. ಚಕ್ರವರ್ತಿಗಳು ಹೋಗಿ ಅರವತ್ತೈದು ವರ್ಷವಾಯಿತು, ಕಿರಣವನ್ನು ಯಾರೂ ತಿರುಗಿಸಿಲ್ಲ. ಹದ್ದಿನ ಮೈಯೆಲ್ಲ ಚಿನ್ನದ ರೇಕು, ಎಡತಲೆ ಮಾತ್ರ ಮಂಕು ಹಳದಿ. ಅದಕ್ಕೆ ಕಾಮಾಲೆ ಎಂದು ಊರವರ ತಮಾಷೆ.

ಈಸ್ಟರ್‌ಗೆ ಎರಡು ವಾರ ಮುಂಚೆ ಶಿಲುಬೆ, ಸಂತರಿಗೆಲ್ಲ ನೇರಳೆ ಬಟ್ಟೆ ಹೊದಿಸಿ, ಹಬ್ಬದ ಮುನ್ನಾದಿನ ತೆಗೆಯುವುದು ವಾಡಿಕೆ. ಚಕ್ರವರ್ತಿ ಸಂತನಲ್ಲವಾದ್ದರಿಂದ ಹದ್ದಿಗೆ ಬಟ್ಟೆಯಿಲ್ಲ. ಈ ಸಲ ಅದಕ್ಕೂ ಬಟ್ಟೆ ಬಿದ್ದಿತ್ತು.

"ನೀನು ಹೊದಿಸಿದ್ಯಾ?" ಹಾಗರ್ ಗಂಟೆ ಬಾರಿಸುವ ವಿನ್ಸೆನ್ಸ್‌ನನ್ನು ಕೇಳಿದ.

"ಇಲ್ಲಪ್ಪ. ಫಾದರ್ ಹೇಳಿ ಹೊದಿಸಿರ್ಬೇಕು ಅಂದ್ಕೊಂಡೆ."

"ನಾನು ನೀನೇ ಹೊದಿಸಿದೆ ಅಂದ್ಕೊಂಡೆ," ಎಂದರು ಫಾದರ್.

ಎರಡು ವಾರ ಇಡೀ ಊರು ಹುಲ್ಲಿನ ಸಿಂಬಿಯ ಕೆಳಗೆ ಮಂಡಿಯೂರಿತ್ತು.

3.30ಕ್ಕೆ ಮೇಷ್ಟರು ರುಟ್ನರ್ ಅವರ ವಿಚಾರಣೆ. ದೇವರ ಮನೆಯಲ್ಲಿ ಚಕ್ರವರ್ತಿಯ ಹಕ್ಕಿ ಯಾಕೆ ಎಂದು ಪ್ರತಿ ಸಭೆಯಲ್ಲೂ ಜಗಳ ತೆಗೆಯುವವರು ಅವರು.

"ನೀವು ತೆಗೆದ್ರಾ?"

"ನಾನಾಗಿದ್ರೆ ಕೊಡಲಿ ಹಿಡ್ಕೊಂಡು ಎಲ್ಲರ ಮುಂದೆ ತೆಗೀತಿದ್ದೆ. ಬಟ್ಟೆ ಹೊದಿಸಿ ಮರ್ಯಾದೆ ಕೊಡ್ತಿದ್ನೇನ್ರೀ?"

ಮಾತು ಸರಿಯಿತ್ತು. ಹಾಗರ್ ವಾಪಸು ಹೋಗಿ ಬಟ್ಟೆಯನ್ನು ತಿರುವಿ ನೋಡಿದ. ನಾಲ್ಕೂ ಅಂಚಿಗೆ ಸಣ್ಣ ಕೈಹೊಲಿಗೆ.

"ಕಳ್ಳ ಕೂತು ಅಂಚು ಹೊಲಿದಿದ್ದಾನೆ, ಸಾರ್," ಎಂದ ಲೀಬ್.

"ಆ ಸಿಂಬಿ ಎಲ್ಲಿಂದು?"

"ಹೂವಿನ ಹಾರ ಕಟ್ಟೋದು, ಸಾರ್. ಗೋರಿಗೆ ಇಡ್ತಾರಲ್ಲ."

"ಹದ್ದಿನ ವಿಷಯ ಈಚೆಗೆ ಏನಾದ್ರೂ ಮಾತು ಬಂದಿತ್ತಾ, ಫಾದರ್?"

"ಫೆಬ್ರವರೀಲಿ ಪ್ರಕಟಣೆ ಓದಿದ್ದೆ. ಬೆನ್ನಿಗೆ ಹುಳು ಬಿದ್ದಿದೆ, ವಿಯೆನ್ನಾದ ರಿಪೇರಿಯವರು ಬೆರಳು ದಪ್ಪ ಹೆರೆದು ಹೊಸ ಹಲಗೆ ಅಂಟಿಸ್ತಾರೆ. ಮಂಗಳವಾರ ಬರ್ತಾರೆ."

"ಇಲ್ಲಿ ಹೂವಿಡೋರು ಯಾರು?"

"ರೋಸಿನಾ. ಛೆ, ಆಯಮ್ಮ ಅಂಥೋಳಲ್ಲ ಕಣೋ."

4.50ಕ್ಕೆ ರೋಸಿನಾ ಐಗ್ನರ್, ಅರವತ್ನಾಲ್ಕು ವರ್ಷ, ತಾನೇ ಬಾಗಿಲು ತೆರೆದಳು. ಮೇಜಿನ ಮೇಲೆ ಹಬ್ಬಕ್ಕೆ ಬಣ್ಣ ಹಚ್ಚಿದ ಮೊಟ್ಟೆ. ಹದ್ದು ಕಪಾಟಿನ ಪಕ್ಕದಲ್ಲೇ ಇತ್ತು. ಚಿನ್ನ, ಕಿರೀಟ, ಕತ್ತಿ ಎಲ್ಲ ಗೋಡೆಯ ಕಡೆಗೆ, ಬರಿಮರದ ಬೆನ್ನು ಕೋಣೆಯ ಕಡೆಗೆ.

"ಬಾ ಪೋಲ್ದಿ," ಎಂದು ಲಿಯೋಪೋಲ್ಡ್‌ನನ್ನು ಮುದ್ದುಹೆಸರಿನಿಂದಲೇ ಕರೆದಳು. "ಎರಡು ವಾರದಿಂದ ಕಾಯ್ತಿದೀನಿ."

"ಒಬ್ಬರೇ ಹೊತ್ಕೊಂಡು ಬಂದ್ರಾ, ಅಮ್ಮ?"

"ಹೂವಿನ ಗಾಡೀಲಿ, ಹಾಡುಹಗಲೇ. ಒಬ್ರೂ ಕೇಳಲಿಲ್ಲ."

"ಬೆನ್ನು ಹೆರೀಬೇಡಿ ಅಂತ ಫಾದರ್‌ಗೆ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಆಗಲ್ಲ ಅಂದಿದ್ರೆ? ಆಮೇಲೆ ತಗೊಂಡು ಬರೋಕಾಗ್ತಿತ್ತಾ?"

ಹಾಗರ್ ಬಗ್ಗಿ ನೋಡಿದ. ಮರದ ಮೇಲೆ ಪೆನ್ಸಿಲ್ ಬರಹವಿತ್ತು. ಪಂಚನಾಮೆಯಲ್ಲಿ ವಸ್ತುವಿನ ಗುರುತುಗಳನ್ನೆಲ್ಲ ಬರೆಯಬೇಕು. ಆತ ಗಟ್ಟಿಯಾಗಿ ಓದಿದ, ಲೀಬ್ ಬರೆದುಕೊಂಡ.

"'ಫೆರ್ದಿನಾಂಡ್ ಐಗ್ನರ್, ವಯಸ್ಸು 19, ಮಾರ್ಚ್ 1943. ಚಿನ್ನದ ರೇಕು ಸಿಗಲಿಲ್ಲ. ಎಡತಲೆಗೆ ಹಳದಿ ಬಣ್ಣ ಬಳಿದಿದ್ದೇನೆ. ಯಾರಿಗೂ ಹೇಳಬೇಡಿ. ಬಂದು ಸರಿ ಮಾಡುತ್ತೇನೆ.'"

"ನನ್ನ ತಮ್ಮ," ಎಂದಳು ರೋಸಿನಾ. "ಚಿನ್ನ ಹಚ್ಚೋ ಕೆಲಸ ಮಾಡ್ತಿದ್ದ. ಮಾರನೇ ದಿನ ದಂಡಿಗೆ ಹೋದ. ವರ್ಷಕ್ಕೊಂದು ಸಲ ಧೂಳು ಒರೆಸೋವಾಗ ಇಳಿಸಿ ಓದ್ತಿದ್ದೆ. ಇನ್ನೊಬ್ಬರ ಬಾಯಲ್ಲಿ ಇವತ್ತೇ ಕೇಳಿದ್ದು."

ಅವಳು ಅಳಲಿಲ್ಲ. ಪಂಚನಾಮೆಗೆ ಸಹಿ ಹಾಕಿ ಕೋಟು ತೊಟ್ಟುಕೊಂಡಳು. 5.45ಕ್ಕೆ ದಸ್ತಗಿರಿಯಾಯಿತು.

ಫೆರ್ದಿನಾಂಡ್ ರಷ್ಯಾದಲ್ಲಿ ಕಾಣೆಯಾದವನು. ಅವನಿಗೆ ಗೋರಿಯಿಲ್ಲ, ಅವನಿಂದ ಒಂದು ಕಾಗದವೂ ಬಂದಿರಲಿಲ್ಲ. ನ್ಯಾಯಾಧೀಶರು ರೋಸಿನಾಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಹದ್ದನ್ನು ಬಿಡಲಿಲ್ಲ. ಹುಳು ತುಂಬ ಒಳಗೆ ಹೋಗಿದೆ ಎಂದು ವಿಯೆನ್ನಾದವರು ಬೆನ್ನನ್ನು ಹೆರೆದೇ ಹೆರೆದರು, ಎಡತಲೆಗೆ ಚಿನ್ನವನ್ನೂ ಹಚ್ಚಿದರು. ಜೂನ್‌ನಲ್ಲಿ ಹದ್ದು ಮತ್ತೆ ಮೇಲೇರಿತು.

ಆರೋಪಿ ಕೇಳಿದರೆ ಪಂಚನಾಮೆಯ ನಕಲು ಕೊಡಬೇಕು. ರೋಸಿನಾ ಕೇಳಿರಲಿಲ್ಲ, ಹಾಗರ್ ತಾನೇ ಹೋಗಿ ಕೊಟ್ಟು ಬಂದ. ಅವಳು ಅದನ್ನು ಮಡಿಸಿ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡಳು. ಈಗಲೂ ಶನಿವಾರ ಹೂವಿಡಲು ಬರುತ್ತಾಳೆ. ಎರಡು ತಲೆಗಳೂ ಒಂದೇ ಸಮ ಹೊಳೆಯುತ್ತವೆ. ಅವಳು ಮೇಲೆ ನೋಡುವುದಿಲ್ಲ.