ಎಡಗಡೆ ಪೆಟ್ಟಿಗೆಯ ಮರಿಗಳು

ಸೋಮವಾರ, ಹನ್ನೆರಡನೇ ತಾರೀಕು, ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಕನ್ನಡಕದ ಅಂಗಡಿಯ ಮಾಲೀಕ ಠಾಣೆಗೆ ಬಂದ. ನಲವತ್ತೈದರ ಆಸುಪಾಸಿನ ಮನುಷ್ಯ. ಶರ್ಟಿನ ಗುಂಡಿಗಳನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ. ದಫೇದಾರರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಮರಿಗಳು ಕಳವಾಗಿವೆ."

"ಏನು ಮರಿ? ನಾಯೀದಾ?"

"ಊಸರವಳ್ಳೀದು. ಹನ್ನೊಂದು."

ದಫೇದಾರರು ತೆಗೆದಿದ್ದ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು. "ಅದು ಬೇಲಿ ಮೇಲೆ ಸಿಗಲ್ವಾ ಸ್ವಾಮಿ?"

"ಇದು ಬೇರೆ ಜಾತಿ. ಪರವಾನಗಿ ಇದೆ." ಅವನು ಕಾಗದ ಮುಂದಿಟ್ಟ. "ಮೊಟ್ಟೆ ಒಡೆಯೋಕೆ ಏಳು ತಿಂಗಳು ಕಾದಿದ್ದೀನಿ. ಮೊದಲನೇ ಸಲ ಮರಿ ಆಗಿರೋದು."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬಂದರು. ಪರವಾನಗಿಯ ಎರಡೂ ಬದಿ ಓದಿ, "ಬರ್ಕೊಳ್ಳಿ" ಎಂದರು.

ಎಫ್‌ಐಆರ್‌ನಲ್ಲಿ ಕಳವಾದ ಸ್ವತ್ತಿನ ವಿವರ ತುಂಬುತ್ತ ದಫೇದಾರರು 'ಬಣ್ಣ' ಎಂಬ ಕಡೆ ನಿಂತರು. "ಮೇಡಂ, ಬಣ್ಣ ಬದಲಾಯಿಸೋ ಆರೋಪಿಗಳನ್ನ ಮೂವತ್ತು ವರ್ಷದಿಂದ ನೋಡ್ತಿದ್ದೀನಿ. ಬಣ್ಣ ಬದಲಾಯಿಸೋ ಮಾಲು ಇದೇ ಮೊದಲು."

"ತಿಳಿಹಸಿರು ಅಂತ ಬರೀರಿ."

ಹನ್ನೊಂದೂ ಕಾಲಿಗೆ ಸ್ಥಳ ಪಂಚನಾಮೆ ಆಯಿತು. ಅಂಗಡಿಯ ಹಿಂದೆ ಹತ್ತಡಿ ಉದ್ದದ ಒಂದು ಕೋಣೆ. ಗೋಡೆಗೆ ಒತ್ತಿ ಜಾಲರಿಯ ಪೆಟ್ಟಿಗೆಗಳು, ಮೇಲೆ ದೀಪಗಳು, ನೀರು ಚಿಮುಕಿಸುವ ಬಾಟಲಿ. ದೊಡ್ಡ ಪೆಟ್ಟಿಗೆಯಲ್ಲಿ ತಾಯಿ ಊಸರವಳ್ಳಿ ಒಂದು ಕಣ್ಣನ್ನು ಪೊಲೀಸರ ಕಡೆ, ಇನ್ನೊಂದನ್ನು ದೀಪದ ಕಡೆ ತಿರುಗಿಸಿ ಕೂತಿತ್ತು. ಬೀಗ ಮುರಿದಿರಲಿಲ್ಲ. ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಯಾರೂ ಕೈ ಹಚ್ಚಿರಲಿಲ್ಲ. ಕಿಟಕಿಯ ಬಲಗಡೆ ಒಂದು ಪೆಟ್ಟಿಗೆ. ಅದರಲ್ಲಿ ಕಡ್ಡಿಗೊಂದರಂತೆ, ಬೆರಳಿನ ಒಂದು ಗೆಣ್ಣಿನಷ್ಟೇ ಉದ್ದದ ಹದಿನಾರು ಮರಿಗಳು. ಎಡಗಡೆ ಪೆಟ್ಟಿಗೆ ಇದ್ದ ಜಾಗದಲ್ಲಿ ಧೂಳಿನ ಚೌಕ ಮಾತ್ರ.

"ಪೆಟ್ಟಿಗೆ ಸಮೇತ ಹೋಗಿದೆಯಾ?"

"ಹೌದು. ಜತೆಗೆ ಒಂದು ಡ್ರಾಪರ್, ಹಣ್ಣಿನ ನೊಣದ ಎರಡು ಬಾಟಲಿ. ಭಾನುವಾರ ನಾನು ಊರಲ್ಲಿರಲಿಲ್ಲ, ಇವತ್ತು ಬೆಳಗ್ಗೆ ನೋಡಿದ್ದು."

"ಎರಡು ಪೆಟ್ಟಿಗೆ ಯಾಕೆ ಮಾಡಿದ್ರಿ?"

ಅವನು ಬಲಗಡೆಯದನ್ನು ತೋರಿಸಿದ. "ಇವು ತಿಂತಾವೆ. ಅವು ತಿಂತಿರಲಿಲ್ಲ."

ಇನ್‌ಸ್ಪೆಕ್ಟರ್ ಆ ಧೂಳಿನ ಚೌಕವನ್ನು ಸ್ವಲ್ಪ ಹೊತ್ತು ನೋಡಿದರು. ಹೊರಗೆ ಬಂದ ಮೇಲೆ ದಫೇದಾರರನ್ನು ಕೇಳಿದರು: "ಗಟ್ಟಿಯಾಗಿರೋದನ್ನ ಬಿಟ್ಟು ಸಾಯೋ ಹಾಗಿರೋದನ್ನ ಹೊತ್ಕೊಂಡು ಹೋಗೋ ಕಳ್ಳನನ್ನ ನೋಡಿದ್ದೀರಾ?"

"ಇಲ್ಲ ಮೇಡಂ. ಕಳ್ಳನಿಗೂ ಒಂದು ಲೆಕ್ಕಾಚಾರ ಇರುತ್ತೆ."

ಬೀಗದ ಕೈ ಇದ್ದದ್ದು ಮೂವರ ಹತ್ತಿರ: ಮಾಲೀಕ, ಅವನ ಹೆಂಡತಿ, ಹೆಂಡತಿಯ ಅಣ್ಣ. ಈ ಭಾವ ಹತ್ತೊಂಬತ್ತು ವರ್ಷದಿಂದ ಅದೇ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದ. ಒಂಟಿ ಮನುಷ್ಯ. ಶನಿವಾರ ಸಂಜೆ ಏಳೂವರೆಗೆ ಬಾಗಿಲು ಹಾಕಿದ್ದು ತಾನೇ ಎಂದ. ಕೇಳಿದಷ್ಟಕ್ಕೆ ಉತ್ತರ, ಒಂದು ಮಾತು ಹೆಚ್ಚಿಲ್ಲ. ಹೆಂಡತಿ ಅಷ್ಟೂ ಹೇಳಲಿಲ್ಲ. "ನಂಗೆ ಆ ಹುಳ ಹುಪ್ಪಟೆ ಕಂಡ್ರಾಗಲ್ಲ" ಎಂದು ಅಣ್ಣನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಮಧ್ಯಾಹ್ನ ಮೂರಕ್ಕೆ, ಮರಿಗಳ ತಾಯಿ ತಂದೆ ಜೋಡಿಯನ್ನು ಕೊಟ್ಟಿದ್ದ ವ್ಯಕ್ತಿಯ ವಿಚಾರಣೆ. ನಿವೃತ್ತ ಚಿತ್ರಕಲಾ ಶಿಕ್ಷಕ. ಬೀದಿಯವರೆಲ್ಲ ಅವರನ್ನು ಹಲ್ಲಿ ಮಾಸ್ತರು ಎನ್ನುತ್ತಿದ್ದರು, ಅವರಿಗೂ ಅದರಲ್ಲಿ ಬೇಸರವಿರಲಿಲ್ಲ.

"ತಿನ್ನದ ಮರಿ ಬದುಕಲ್ಲ ಮೇಡಂ. ಅದರ ಆಸೆ ಬಿಡು ಅಂತ ನಾನೇ ಅವನಿಗೆ ಹೇಳಿದ್ದೆ. ಮೊದಲನೇ ಸಲ ನನ್ನ ಮನೇಲಿ ಒಂದೂ ಉಳೀಲಿಲ್ಲ."

"ಒಯ್ದವನು ಬದುಕಿಸೋಕೆ ನೋಡಿದ್ರೆ?"

"ನೊಣ ಸಾಕಲೇಬೇಕು. ಬಾಳೆಹಣ್ಣು, ಯೀಸ್ಟು ಕಲಸಿ ಬಾಟಲೀಲಿ ಬೆಳೆಸ್ತೀವಿ. ಹಾರೋಕೆ ಬರದ ನೊಣ, ಬರೀ ನಡೆಯುತ್ತೆ. ಮುಚ್ಚಳ ಸಡಿಲ ಆದ್ರೆ ಮಾತ್ರ ಮನೆ ತುಂಬ."

ಮಂಗಳವಾರ ಎರಡು ಪ್ರಾಣಿ ಅಂಗಡಿಗಳ ತಪಾಸಣೆ ನಡೆಯಿತು. ಏನೂ ಸಿಗಲಿಲ್ಲ.

ಬುಧವಾರ ಮಧ್ಯಾಹ್ನ ಒಬ್ಬ ಮನೆ ಮಾಲೀಕಿ ಅರ್ಜಿ ಹಿಡಿದು ಬಂದಳು. ಮೂರನೇ ಮಹಡಿಯ ಬಾಡಿಗೆದಾರನ ಬಾಗಿಲ ಸಂದಿಯಿಂದ ನೊಣ ಬರುತ್ತಿವೆ, ಕೇಳಿದರೆ ಬಾಗಿಲು ತೆರೆಯುವುದಿಲ್ಲ.

"ನೊಣಕ್ಕೆಲ್ಲ ಪೊಲೀಸರಾ ತಾಯಿ?" ಎಂದರು ದಫೇದಾರರು.

"ಹಾರೋ ನೊಣ ಆಗಿದ್ರೆ ಬರ್ತಿರಲಿಲ್ಲ ಸಾರ್. ರೆಕ್ಕೆ ಇದೆ, ಆದ್ರೆ ಗೋಡೆ ಮೇಲೆ ನಡ್ಕೊಂಡು ಬರ್ತಾವೆ. ಏನೋ ರೋಗ ಅಂತ ಭಯ."

ಪಕ್ಕದ ಮೇಜಿನಲ್ಲಿದ್ದ ಮಹಿಳಾ ಕಾನ್‌ಸ್ಟೆಬಲ್ ತಲೆ ಎತ್ತಿದಳು. "ಬಾಡಿಗೆದಾರ ಏನು ಕೆಲಸ ಮಾಡ್ತಾರೆ?"

"ಕನ್ನಡಕದ ಅಂಗಡೀಲಿ."

ನಾಲ್ಕು ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಆ ಬಾಗಿಲು ತಟ್ಟಿದರು. ಭಾವ ತೆರೆದ. ಹುಷಾರಿಲ್ಲ ಎಂದು ಎರಡು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ. ಗಡ್ಡ ಬೆಳೆದಿತ್ತು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಬನ್ನಿ. ಒಂದು ಈಗ ಬಾಯಿ ತೆರೀತಿದೆ" ಎಂದ.

ಮಂಚವನ್ನು ಗೋಡೆಗೆ ನಿಲ್ಲಿಸಿ ಜಾಗ ಮಾಡಿದ್ದ. ಕಿಟಕಿಯ ಕೆಳಗೆ ಜಾಲರಿ ಪೆಟ್ಟಿಗೆ, ಮೇಲೆ ಓದುವ ದೀಪ. ಬಾಳೆಹಣ್ಣಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಪೆಟ್ಟಿಗೆಯಲ್ಲಿ ನಾಲ್ಕು ಮರಿಗಳಿದ್ದವು. ಉಳಿದ ಏಳು ಎಲ್ಲಿ ಎಂದು ಕೇಳಿದ್ದಕ್ಕೆ ಅವನು ಕನ್ನಡಕದ ಒಂದು ಡಬ್ಬಿ ತೆರೆದು ತೋರಿಸಿದ. ಗಾಜು ಒರೆಸುವ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ್ದ.

"ನೀನೇ ತಂದಿದ್ದಾ?"

"ಹೌದು. ಶನಿವಾರ."

ದಫೇದಾರರು ಜಪ್ತಿ ಪಂಚನಾಮೆ ಬರೆದರು: ಜೀವಂತ ನಾಲ್ಕು, ಸತ್ತದ್ದು ಏಳು. ಪಂಚರು ಸಹಿ ಹಾಕುವ ಹೊತ್ತಿಗೆ, ಬಾಯಿ ತೆರೆಯುತ್ತಿದ್ದ ಮರಿ ಕಡ್ಡಿಯಿಂದ ಜಾರಿ ಕೆಳಗೆ ಬಿತ್ತು. ಭಾವ ಅದನ್ನು ಅಂಗೈಗೆ ತೆಗೆದುಕೊಂಡು ಉಸಿರು ಬಿಗಿಹಿಡಿದು ನೋಡಿದ. ಡಬ್ಬಿಯ ಮುಚ್ಚಳ ತೆಗೆದ. ದಫೇದಾರರು 'ನಾಲ್ಕು' ಹೊಡೆದು 'ಮೂರು', 'ಏಳು' ಹೊಡೆದು 'ಎಂಟು' ಎಂದು ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಸಂಜೆ ಐದೂ ಹತ್ತಕ್ಕೆ ಬಂಧನ ತೋರಿಸಲಾಯಿತು.

ಆರಕ್ಕೆ ಅಂಗಡಿಯ ಮಾಲೀಕ ಹೆಂಡತಿಯೊಂದಿಗೆ ಓಡಿಬಂದ.

"ಭಾವ ಅಂತ ಗೊತ್ತಿದ್ರೆ ದೂರು ಕೊಡ್ತಿದ್ನಾ ಮೇಡಂ? ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆ. ಅದನ್ನ ಹರಿಯೋ ಅಧಿಕಾರ ನನಗಿಲ್ಲ. ನಾಳೆ ಕೋರ್ಟಿನಲ್ಲಿ ಹೇಳಿ."

"ಮರಿಗಳು?"

"ಅವೂ ಈಗ ಕೇಸಿನ ಸ್ವತ್ತು. ಆದೇಶ ಬರೋವರೆಗೆ ಇಲ್ಲೇ."

ಹೆಂಡತಿ ಬೆಂಚಿನ ಮೇಲೆ ಕುಸಿದಳು. "ಸೋಮವಾರಾನೇ ಅಣ್ಣನ ಅಂಗಿಯಿಂದ ಬಾಳೆಹಣ್ಣಿನ ವಾಸನೆ ಬರ್ತಿತ್ತು. ಬಾಯಿ ಬಿಟ್ರೆ ಅಣ್ಣ, ಬಿಡದಿದ್ರೆ ಗಂಡ. ಅಡಕತ್ತರಿಗೆ ಸಿಕ್ಕ ಹಾಗಾಯ್ತು ನನ್ನ ಬಾಳು."

ಭಾವನ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ತಾವೇ ಬರೆದುಕೊಂಡರು.

"ಕದಿಯೋ ಬದಲು ಕೇಳಬಹುದಿತ್ತಲ್ಲ?"

"ಕೇಳಿದೆ. ಮೂರು ಸಲ. 'ಭಾವ, ನೀನು ಗಾಜು ನೋಡ್ಕೋ' ಅಂದ. ಕೆಟ್ಟವನಲ್ಲ ಮೇಡಂ. ಹದಿನಾರು ತಿಂತಿದ್ವು, ಆ ಖುಷೀಲಿದ್ದ. ಎಡಗಡೆ ನೋಡೋದನ್ನೇ ಬಿಟ್ಟ."

"ನೀನು ಬದುಕಿಸ್ತೀನಿ ಅಂದ್ಕೊಂಡಿದ್ದೆಯಾ?"

"ಇಲ್ಲ. ನನಗೂ ಮೊದಲನೇ ಸಲವೇ ಅಲ್ವಾ, ಏನು ಗೊತ್ತು? ಬಾಯಿ ಬಿಡಿಸಿ ಒಂದೊಂದು ಹನಿ ಕುಡಿಸೋಕೆ ಒಂದೊಂದಕ್ಕೂ ಹತ್ತು ನಿಮಿಷ ಬೇಕು. ಅಷ್ಟಾದ್ರೂ ಅವಕ್ಕೆ ಸಿಗಲಿ ಅಂತ. ಎದುರಿಗೇ ಸಾಯ್ತಿದ್ರೆ ಗಾಜು ಉಜ್ಜುತ್ತಾ ಕೂರೋಕೆ ಆಗಲಿಲ್ಲ."

ಲಾಕಪ್ಪಿನ ಸರಳಿನಾಚೆಯಿಂದಲೇ ಅವನು ಮಹಿಳಾ ಕಾನ್‌ಸ್ಟೆಬಲ್‌ಗೆ ಹೇಳಿಕೊಟ್ಟ: ಹೇಗೆ ಹಿಡಿಯಬೇಕು, ಎಲ್ಲಿ ಒತ್ತಬಾರದು. ಅವಳು ಬೆವರಿದಳು, ಮೂರಕ್ಕೂ ಹನಿ ಕುಡಿಸಿದಳು. ಗುರುವಾರ ಬೆಳಗ್ಗೆ ಒಂದೇ ಉಳಿದಿತ್ತು.

ಕೋರ್ಟು ಆ ಒಂದನ್ನು ದೂರುದಾರನ ವಶಕ್ಕೆ ಕೊಟ್ಟಿತು. ಆರೋಪಿಗೆ ಜಾಮೀನು ನಿಲ್ಲಲು ಮುಂದೆ ಬಂದವನೂ ದೂರುದಾರನೇ. ಹಾಗಾಗದು, ಬೇರೆಯವರನ್ನು ಕರೆತನ್ನಿ ಎಂದು ನ್ಯಾಯಾಧೀಶರು ಸೋಮವಾರಕ್ಕೆ ಮುಂದೂಡಿದರು. ಭಾವ ಜೈಲಿಗೆ ಹೋದ.

ಶುಕ್ರವಾರ ಹನ್ನೊಂದು ಗಂಟೆಗೆ ಅಂಗಡಿಯ ಮಾಲೀಕ ಒಂದು ಪುಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು ಇನ್‌ಸ್ಪೆಕ್ಟರ್ ಮುಂದೆ ನಿಂತ.

"ಬೆಳಗ್ಗೆಯಿಂದ ಕಣ್ಣು ಮುಚ್ಕೊಂಡಿದೆ. ಹಗಲಲ್ಲಿ ಮುಚ್ಚಬಾರದು. ನಾನು ಹಿಡಿದ್ರೆ ಬಾಯಿ ಬಿಡ್ತಿಲ್ಲ. ಭಾವನನ್ನ ಐದು ನಿಮಿಷ ನೋಡೋಕೆ ಬಿಡಿ ಮೇಡಂ, ಅವನು ಹೇಗೆ ಹಿಡೀತಿದ್ದ ಅಂತ ಕೇಳ್ಬೇಕು."

"ಇವತ್ತು ಭೇಟಿ ದಿನ ಅಲ್ಲ. ಸೋಮವಾರ ಅವರೇ ಬರ್ತಾರಲ್ಲ."

"ಸೋಮವಾರದ ತನಕ ಇದು ಇರಲ್ಲ."

ಇನ್‌ಸ್ಪೆಕ್ಟರ್ ಫೋನೆತ್ತಿ ಜೈಲಿನ ಕಚೇರಿಗೆ ಹಚ್ಚಿದರು. ವಿಷಯ ಕೇಳಿದ ಗುಮಾಸ್ತ ಮೊದಲು ನಕ್ಕ, ಆಮೇಲೆ ಸಾಹೇಬರನ್ನು ಕೇಳಿ ಬರುತ್ತೇನೆ, ಇರಿ ಎಂದ. ಇನ್‌ಸ್ಪೆಕ್ಟರ್ ಫೋನನ್ನು ಕಿವಿಗೆ ಹಿಡಿದು ಕಾದರು. ಎದುರಿಗೆ ಅಂಗಡಿಯ ಮಾಲೀಕ ಪೆಟ್ಟಿಗೆಯ ಬಾಗಿಲು ತೆರೆದು, ದಪ್ಪ ಬೆರಳುಗಳಿಂದ ಮರಿಯ ಬಾಯಿ ಬಿಡಿಸಲು ಮತ್ತೊಮ್ಮೆ ಪ್ರಯತ್ನಿಸುತ್ತಿದ್ದ.