ಟ್ಯಾಬ್‌ನಲ್ಲಿ ಇಲ್ಲದ ಮಂಡಿನೋವು

"ತಲೆ ಸುತ್ತುತ್ತಾ?" ಅಂತ ಡಾಕ್ಟರು ಟ್ಯಾಬನ್ನು ಕೇಳಿದರು.

ಟ್ಯಾಬ್ ಏನೂ ಹೇಳಲಿಲ್ಲ. ಅಜ್ಜಿಯೂ ಏನೂ ಹೇಳಲಿಲ್ಲ.

"ಅಜ್ಜಿ, ನಿನ್ನೇ ಕೇಳ್ತಿರೋದು," ಎಂದು ಕುಸುಮಾ ಮೊಣಕೈಯಲ್ಲಿ ತಿವಿದಳು.

"ನನ್ನಾ? ನಾನು ಅದನ್ನ ಕೇಳ್ತಾ ಇದಾರೆ ಅಂದ್ಕೊಂಡೆ," ಎಂದು ಅಜ್ಜಿ ಟ್ಯಾಬಿನ ಕಡೆ ಗದ್ದ ಎತ್ತಿ ತೋರಿಸಿದಳು. "ಸುತ್ತುತ್ತೆ."

"ಎಷ್ಟು ದಿನದಿಂದ?" ಡಾಕ್ಟರ ಕಣ್ಣು ಈಗಲೂ ಟ್ಯಾಬಿನ ಮೇಲೆಯೇ ಇತ್ತು.

"ಒಂದು ತಿಂಗಳಾಯ್ತು."

"ಒಂದು ತಿಂಗಳು..." ಡಾಕ್ಟರು ಬೆರಳಲ್ಲಿ ಒತ್ತಿದರು. ಟ್ಯಾಬ್ ತಗೊಳ್ಳಲಿಲ್ಲ. ಮತ್ತೆ ಒತ್ತಿದರು. ಪರದೆಯ ನಡುವೆ ಒಂದು ಚಕ್ರ ಗರಗರ ತಿರುಗತೊಡಗಿತು. "ಲೋಡ್ ಆಗ್ತಾ ಇದೆ, ಒಂದ್ನಿಮಿಷ."

ಕುಸುಮಾಗೆ ರೇಗಿಹೋಯಿತು. ಇದು ಆರನೇ 'ಒಂದ್ನಿಮಿಷ'. ಹೊರಗೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾದದ್ದು ಬೇರೆ. ಅವಳ ಐದನೇ ಕ್ಲಾಸಿನ ಖೋ ಖೋ ಟೀಮು ಈ ಹೊತ್ತಿಗೆ ಸ್ಕೂಲ್ ಗ್ರೌಂಡಿನಲ್ಲಿ ಪ್ರಾಕ್ಟೀಸ್ ಶುರು ಮಾಡಿರುತ್ತೆ. ಇವಳಿಗೆ ಮಾತ್ರ ಶನಿವಾರದ ಮಧ್ಯಾಹ್ನ ಆಸ್ಪತ್ರೆ ಡ್ಯೂಟಿ!

ಅಪ್ಪ ಭೈರೇಶ್‌ಗೆ ಶನಿವಾರವೂ ಆಫೀಸು. ಅಮ್ಮ ಹೊಲಿಗೆ ಅಂಗಡಿ ಬಿಟ್ಟು ಬರುವ ಹಾಗಿಲ್ಲ. ಹೊರಡುವಾಗ ಅಮ್ಮ ಕುಸುಮಾಗೆ ಗುಟ್ಟಾಗಿ ಹೇಳಿದ್ದಳು: "ಡಾಕ್ಟ್ರು ಏನು ಹೇಳ್ತಾರೋ ಸರಿಯಾಗಿ ಕೇಳಿಸ್ಕೊಂಡು ಬಾ. ನಿಮ್ಮಜ್ಜಿ ಮನೆಗೆ ಬರೋಷ್ಟರಲ್ಲಿ ಅರ್ಧ ಮರ್ತಿರ್ತಾರೆ, ಇನ್ನರ್ಧ ಅವರೇ ಸೇರಿಸಿರ್ತಾರೆ."

ಡಾಕ್ಟರ್ ಲಕ್ಷ್ಮೀಪತಿ ಕೆಟ್ಟವರೇನಲ್ಲ. ಅವರ ಬಡಾವಣೆ ಶ್ರೀಗಂಧದ ಕಾವಲಿನಲ್ಲಿ ಅರ್ಧ ಜನಕ್ಕೆ ಅವರೇ ಡಾಕ್ಟರು. ಮೊದಲೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಅವರ ಅಕ್ಷರ ಮೆಡಿಕಲ್ ಶಾಪಿನವರಿಗೆ ಬಿಟ್ಟು ಇನ್ನಾರಿಗೂ ಅರ್ಥವಾಗುತ್ತಿರಲಿಲ್ಲ. ಈ ವರ್ಷ ಟ್ಯಾಬ್ ಬಂತು. ಹೋದ ಸಲದ ಬಿಪಿ ಎಷ್ಟು, ಅದರ ಹಿಂದಿನ ಸಲ ಎಷ್ಟು, ಎಲ್ಲ ಬೆರಳಲ್ಲಿ ತಳ್ಳಿದರೆ ಬರುತ್ತದೆ. ಒಂದು ಮಾತ್ರೆಗೂ ಇನ್ನೊಂದು ಮಾತ್ರೆಗೂ ಹೊಂದುತ್ತೋ ಇಲ್ಲವೋ ಅಂತಲೂ ಅದೇ ಹೇಳುತ್ತದೆ.

ಎಲ್ಲ ಸರಿ. ಆದರೆ ಟ್ಯಾಬ್ ಬಂದಾಗಿನಿಂದ ಡಾಕ್ಟರ ನೆತ್ತಿ ಬಿಟ್ಟು ಮುಖವನ್ನೇ ನೋಡಿಲ್ಲ ಅಂತ ಅಜ್ಜಿಯ ದೂರು. "ಅವರ ತಲೇಲಿ ಎಷ್ಟು ಬಿಳಿಕೂದಲಿದೆ ಕೇಳು, ಹೇಳ್ತೀನಿ," ಎಂದು ಮನೆಯಲ್ಲಿ ಮೂರು ಸಲ ಹೇಳಿ ಆಗಿತ್ತು.

ಚಕ್ರ ನಿಂತಿತು. ಡಾಕ್ಟರು ಅಜ್ಜಿಯ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು.

"ನೂರ ಎಪ್ಪತ್ತು! ಮತ್ತೆ ಜಾಸ್ತಿ ಆಗಿದೆಯಲ್ಲಮ್ಮ." ಟ್ಯಾಬಿನಲ್ಲಿ ಒಂದು ಗೆರೆ ಮೂಡಿತು. ಕುಸುಮಾ ಕತ್ತು ಚಾಚಿ ನೋಡಿದಳು. ಗೆರೆ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿತ್ತು. "ಮಾತ್ರೆ ಸರಿಯಾಗಿ ತಗೋತಿದೀರಾ?"

"ಬೆಳಗ್ಗೆ ಒಂದು, ರಾತ್ರಿ ಒಂದು. ಒಂದು ದಿನಾನೂ ತಪ್ಸಿಲ್ಲ." ಅದು ನಿಜ.

"ಬೇರೆ ಏನಾದ್ರೂ ಮಾತ್ರೆ ತಗೋತೀರಾ?"

"ಇಲ್ಲಪ್ಪ." ಅದು ಸುಳ್ಳು.

ಶುದ್ಧ ಸುಳ್ಳು. ಕುಸುಮಾಗೆ ಗೊತ್ತಿತ್ತು. ಕುಸುಮಾಗೆ ಮಾತ್ರ ಗೊತ್ತಿತ್ತು.

ಎದುರುಮನೆ ವಿಮಲಮ್ಮನ ಗೇಟಿನ ಮುಂದೆ ದಿನಾ ಸಂಜೆ ಐದಕ್ಕೆ ಅಜ್ಜಿಯಂದಿರ ಸಭೆ ಸೇರುತ್ತದೆ. ಇವರ ಮನೆ ಹುರುಳಿ ಸಾರು ಅವರ ಮನೆಗೆ, ಅವರ ಮನೆ ನುಗ್ಗೆಸೊಪ್ಪು ಇವರ ಮನೆಗೆ. ಹಾಗೇ ಮಾತ್ರೆಯೂ! "ನಂಗೆ ಚೆನ್ನಾಗಿ ಸೆಟ್ ಆಯ್ತು ಚಿಕ್ಕಲಕ್ಷ್ಮಮ್ಮ, ನೀವೂ ನೋಡಿ," ಎಂದು ವಿಮಲಮ್ಮ ತಮ್ಮ ಮಂಡಿನೋವಿನ ಮಾತ್ರೆಯ ಶೀಟನ್ನು ಕತ್ತರಿಯಲ್ಲಿ ಕಚ್ಚನೆ ಕತ್ತರಿಸಿ ಅರ್ಧ ಕೊಟ್ಟಿದ್ದರು. ಕೋಡುಬಳೆ ಹಂಚಿಕೊಂಡಷ್ಟೇ ಸಲೀಸಾಗಿ. ಅವತ್ತಿನಿಂದ ಅಜ್ಜಿ ದಿನಾ ಎರಡು ನುಂಗುತ್ತಿದ್ದಳು. ಮುಗಿದಾಗಲೆಲ್ಲ ಇನ್ನರ್ಧ ಶೀಟು ಬರುತ್ತಿತ್ತು. ಎರಡು ತಿಂಗಳಾಯಿತು.

"ಯಾರಿಗೂ ಹೇಳ್ಬೇಡ ಕಣೇ," ಎಂದು ಅಜ್ಜಿ ಕುಸುಮಾ ಕೈಯಲ್ಲಿ ಆಣೆ ಹಾಕಿಸಿದ್ದಳು. "ನಿಮ್ಮಪ್ಪಂಗೆ ಗೊತ್ತಾದ್ರೆ ವಿಮಲಮ್ಮನ ಮನೆ ಮುಂದೆ ಹೋಗಿ ಕೂಗಾಡ್ತಾನೆ."

ಕುಸುಮಾ ಹೇಳಿರಲಿಲ್ಲ. ಆದರೆ ಮೊನ್ನೆ ಬೆಳಗ್ಗೆ ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿ ಎದ್ದವಳು ಹಾಗೇ ಓಲಾಡಿಬಿಟ್ಟಳು. ಕೈಗೆ ಸಿಕ್ಕ ನಲ್ಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಲ್ಲಿ ಸಿಗದೇ ಇದ್ದಿದ್ದರೆ ತಲೆ ನೇರ ಕಲ್ಲಿಗೇ ಬಡಿಯುತ್ತಿತ್ತು. ಕುಸುಮಾ ಬ್ರಶ್ ಬಾಯಲ್ಲಿಟ್ಟುಕೊಂಡು ಅದನ್ನೆಲ್ಲ ನೋಡಿದ್ದಳು. ಅವತ್ತಿನಿಂದ ಅವಳಿಗೆ ತುಂಬ ಭಯ. ಅಜ್ಜಿ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಕಿವಿಗೊಟ್ಟು ಕೇಳುತ್ತಿದ್ದಳು.

"ಸರಿ, ಇನ್ನೊಂದು ಮಾತ್ರೆ ಸೇರಿಸ್ತೀನಿ," ಎಂದರು ಡಾಕ್ಟರು. "ಇದು ಸ್ವಲ್ಪ ಸ್ಟ್ರಾಂಗ್. ಇದಕ್ಕೂ ಬಗ್ಲಿಲ್ಲ ಅಂದ್ರೆ ಅಡ್ಮಿಟ್ ಆಗ್ಬೇಕಾಗುತ್ತೆ. ಒಂದ್ನಿಮಿಷ, ಹಳೇದಕ್ಕೆ ಹೊಂದುತ್ತಾ ನೋಡೋಣ."

ಟ್ಯಾಬ್ ಯೋಚನೆ ಮಾಡಿತು. ಆಮೇಲೆ ಹಸಿರು ಬಣ್ಣದ ಟಿಕ್ ಮಾರ್ಕ್ ಬಂತು.

"ಓಕೆ. ಏನೂ ತೊಂದ್ರೆ ಇಲ್ಲ."

ತೊಂದರೆ ಇಲ್ವಂತೆ! ಕುಸುಮಾಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅಜ್ಜಿಯ ಸೊಂಟದಲ್ಲಿರುವ ಎಲೆಅಡಿಕೆ ಸಂಚಿಯೊಳಗೆ ಏನಿದೆ ಅಂತ ಆ ಟ್ಯಾಬಿಗೆ ಹೇಗೆ ಗೊತ್ತಾಗಬೇಕು? ಡಾಕ್ಟರು ಹೇಳಿದ್ದಷ್ಟೇ ಅದಕ್ಕೆ ಗೊತ್ತು. ಅಜ್ಜಿ ಹೇಳಿದ್ದಷ್ಟೇ ಡಾಕ್ಟರಿಗೆ ಗೊತ್ತು. ಅಜ್ಜಿ ಹೇಳಲ್ಲ. ಹಟಮಾರಿ ಅಜ್ಜಿ!

"ಡಾಕ್ಟರ್ ಅಂಕಲ್," ಎಂದಳು ಕುಸುಮಾ. "ಅದಕ್ಕೆ ಹೇಳದೇ ಇರೋ ಮಾತ್ರೆ ಬಗ್ಗೆ ಗೊತ್ತಾಗುತ್ತಾ?"

ಡಾಕ್ಟರು ತಲೆ ಎತ್ತಿದರು. ಇವತ್ತು ಅವರು ತಲೆ ಎತ್ತಿದ್ದು ಇದೇ ಮೊದಲು.

"ಹೇಳದೇ ಇರೋದಾ? ಅದು ಹೆಂಗಮ್ಮ ಗೊತ್ತಾಗುತ್ತೆ? ಯಾವ ಮಾತ್ರೆ?"

ಅಜ್ಜಿ ಮೇಜಿನ ಕೆಳಗೆ ಕುಸುಮಾಳ ತೊಡೆ ಚಿವುಟಿದಳು. ಚೆನ್ನಾಗಿಯೇ ಚಿವುಟಿದಳು. ಕುಸುಮಾಳ ಕಣ್ಣಲ್ಲಿ ನೀರು ಬಂತು. ನೋವಿಗೋ ಭಯಕ್ಕೋ ಅವಳಿಗೇ ಗೊತ್ತಾಗಲಿಲ್ಲ.

"ಅಜ್ಜಿ ಇನ್ನೊಂದು ಮಾತ್ರೆ ತಗೋತಾಳೆ," ಎಂದು ಒಂದೇ ಉಸಿರಲ್ಲಿ ಹೇಳಿಬಿಟ್ಟಳು. "ಗುಲಾಬಿ ಬಣ್ಣದ್ದು. ದಿನಾ ಎರಡು. ಸಂಚೀಲಿದೆ."

"ಚಾಡಿಕೋರಿ!" ಎಂದಳು ಅಜ್ಜಿ. "ಅನ್ನ ಹಾಕಿ ಬೆಳೆಸಿದ್ದಕ್ಕೆ ಸರಿಯಾಗಿ ಮಾಡ್ದೆ ಬಿಡು."

"ಕೊಡಿ ಅಮ್ಮಾ, ನೋಡೋಣ." ಡಾಕ್ಟರು ಕೈ ಚಾಚಿದರು.

ಅಜ್ಜಿ ನಿಧಾನವಾಗಿ ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಬೇಕಂತಲೇ ತಡ ಮಾಡುತ್ತಿದ್ದಾಳೆ ಅಂತ ಕುಸುಮಾಗೆ ಗೊತ್ತಾಯಿತು. ಕೊನೆಗೆ ಅರ್ಧ ಶೀಟು ಹೊರಗೆ ಬಂತು. ಹೆಸರಿರುವ ಕಡೆಯೇ ಕತ್ತರಿಸಿ ಹೋಗಿತ್ತು. ಕೊನೆಯ ನಾಲ್ಕು ಅಕ್ಷರ ಮಾತ್ರ ಉಳಿದಿದ್ದವು, ಅವೂ ಸಾಸಿವೆ ಕಾಳಿನಷ್ಟು ಚಿಕ್ಕವು.

ಡಾಕ್ಟರು ಕನ್ನಡಕ ಮೇಲೆ ಕೆಳಗೆ ಮಾಡಿದರು. "ಕಾಣಲ್ವಲ್ಲ."

"ನಾನು ಓದ್ತೀನಿ," ಎಂದು ಕುಸುಮಾ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಡಾಕ್ಟರು ಟ್ಯಾಬಿನಲ್ಲಿ ಒತ್ತಿದರು. ಆ ಅಕ್ಷರಗಳಲ್ಲಿ ಮುಗಿಯುವ ಮಾತ್ರೆಗಳೆಲ್ಲ ಫೋಟೋ ಸಮೇತ ಸಾಲಾಗಿ ಬಂದವು. ಡಾಕ್ಟರು ಟ್ಯಾಬನ್ನು ಇವರ ಕಡೆ ತಿರುಗಿಸಿದರು.

"ಇದಾ?"

"ಅಲ್ಲ, ಇದು ಉದ್ದಕ್ಕಿದೆ."

"ಇದು?"

"ಹಾಂ, ಇದೇ! ಶೀಟೂ ಇದೇ ಥರ ಇದೆ."

ಡಾಕ್ಟರು ಶೀಟನ್ನು ಫೋಟೋದ ಪಕ್ಕ ಹಿಡಿದು ಎರಡು ಸಲ ಹೋಲಿಸಿ ನೋಡಿದರು. ಆಮೇಲೆ ಆ ಹೆಸರನ್ನು ಅಜ್ಜಿಯ ಲಿಸ್ಟಿಗೆ ಸೇರಿಸಿದರು. ಹಸಿರು ಟಿಕ್ ಮಾಯವಾಯಿತು. ಅದರ ಜಾಗದಲ್ಲಿ ಕೆಂಪು ಪಟ್ಟಿ ಬಂತು, ಅದರ ಕೆಳಗೆ ಇನ್ನೊಂದು ಕೆಂಪು ಪಟ್ಟಿ.

"ನೋಡಿ, ಇದು ನೋವಿನ ಮಾತ್ರೆ," ಎಂದರು ಡಾಕ್ಟರು. "ದಿನಾ ತಗೊಂಡ್ರೆ ಬಿಪಿ ಏರುತ್ತೆ. ನಾನು ಕೊಟ್ಟಿರೋದು ಇಳ್ಸೋಕೆ ಒದ್ದಾಡ್ತಾ ಇದೆ, ಇದು ಇಳಿಯೋಕೇ ಬಿಡಲ್ಲ. ಕಿಡ್ನಿಗೂ ಒಳ್ಳೇದಲ್ಲ. ಕಾಲು ತೋರ್ಸಿ."

ಅಜ್ಜಿ ಚಪ್ಪಲಿ ಬಿಟ್ಟಳು. ಪಾದ ಊದಿಕೊಂಡಿತ್ತು. ಚಪ್ಪಲಿಯ ಪಟ್ಟಿ ಒತ್ತಿದ ಕಡೆ ಹಾಗೇ ಗುಳಿ ಬಿದ್ದಿತ್ತು.

ಈಗ ಡಾಕ್ಟರಿಗೆ ರೇಗಿತು. "ಏನಮ್ಮಾ ನೀವು! ಬೇರೆ ಮಾತ್ರೆ ಇದ್ಯಾ ಅಂತ ಕೇಳ್ದೆ, ಇಲ್ಲ ಅಂದ್ರಿ. ಪ್ರತಿ ಸಲಾನೂ ಕೇಳಿದೀನಿ, ಪ್ರತಿ ಸಲಾನೂ ಇಲ್ಲ ಅಂದಿದೀರಾ. ಹಿಂಗ್ ಮಾಡಿದ್ರೆ ನಾನೇನ್ ಮಾಡ್ಲಿ? ಯಾರೋ ಕೊಟ್ರು ಅಂತ ನುಂಗ್ಬಿಡೋದಾ?"

"ಮತ್ತೆ ನೀವು ಕೊಟ್ರಾ?" ಅಜ್ಜಿಯೂ ಬಿಡಲಿಲ್ಲ. "ಮಂಡಿ ನೋವು, ಮಂಡಿ ನೋವು ಅಂತ ಮೂರು ಸಲ ಬಂದಾಗ್ಲೂ ಹೇಳ್ದೆ ಡಾಕ್ಟ್ರೇ. ಮೂರು ಸಲಾನೂ ಹೂಂ ಅಂದ್ರಿ. ಹೂಂ ಅಂದ್ಬಿಟ್ಟು ಇದನ್ನ ಉಜ್ತಾ ಕೂತ್ರಿ. ವಿಮಲಮ್ಮ ಒಂದೇ ಸಲಕ್ಕೆ ಕೇಳಿಸ್ಕೊಂಡ್ರು, ಕೊಟ್ರು."

"ಮಂಡಿ ನೋವಾ? ನನಗೆ ಹೇಳಿಲ್ಲ ನೀವು. ಹೇಳಿದ್ರೆ ಇಲ್ಲಿ ಇರ್ಲೇಬೇಕು."

ಡಾಕ್ಟರು ಟ್ಯಾಬಿನಲ್ಲಿ ಹಿಂದೆ ತಳ್ಳಿದರು. ಹೋದ ತಿಂಗಳು. ಬಿಪಿ, ತೂಕ, ಶುಗರ್. ಅದರ ಹಿಂದಿನ ತಿಂಗಳು. ಬಿಪಿ, ತೂಕ, ಶುಗರ್. ಅದರ ಹಿಂದಿನದೂ ಹಾಗೇ. ಮಂಡಿಯ ಸುದ್ದಿ ಎಲ್ಲೂ ಇರಲಿಲ್ಲ.

"ನೋಡಿ, ಇಲ್ವೇ ಇಲ್ಲ," ಎಂದರು ಡಾಕ್ಟರು.

"ಹೇಳಿದ್ಲು ಅಂಕಲ್," ಎಂದಳು ಕುಸುಮಾ ಮೆಲ್ಲಗೆ. "ಹೋದ ತಿಂಗಳು ನಾನೂ ಬಂದಿದ್ದೆ. ಇಲ್ಲೇ ಕೂತಿದ್ದೆ. ಅಜ್ಜಿ ಹೇಳಿದ್ಲು. ನೀವು ಹೂಂ ಅಂದ್ರಿ. ಆಗ ನೆಟ್ ಹೋಗಿತ್ತು."

ಡಾಕ್ಟರು ಮತ್ತೊಮ್ಮೆ ತಳ್ಳಿ ನೋಡಿದರು, ಈ ಸಲ ನಿಧಾನವಾಗಿ. ಆಮೇಲೆ ನೋಡುವುದನ್ನು ನಿಲ್ಲಿಸಿದರು. ಅವರ ಕಿವಿ ಕೆಂಪಗಾಗಿತ್ತು. ದೊಡ್ಡವರ ಕಿವಿಯೂ ಹಾಗಾಗುತ್ತೆ ಅಂತ ಕುಸುಮಾಗೆ ಗೊತ್ತಿರಲಿಲ್ಲ.

"ತಪ್ಪಾಯ್ತಮ್ಮ," ಎಂದರು. "ಹೂಂ ಅಂದಿರ್ತೀನಿ. ಬರ್ಕೊಂಡಿಲ್ಲ."

ಅವರು ಟ್ಯಾಬನ್ನು ಮೇಜಿನ ಮೇಲೆ ಬೋರಲು ಇಟ್ಟರು. ಅದು ಟಿಣ್ ಅಂತು. ಮತ್ತೆ ಟಿಣ್ ಟಿಣ್ ಅಂತು. ಅವರು ಆ ಕಡೆ ತಿರುಗಲಿಲ್ಲ. ಸ್ಟೂಲನ್ನು ಎಳೆದುಕೊಂಡು ಅಜ್ಜಿಯ ಎದುರಿಗೇ ಬಂದು ಕುಳಿತರು.

"ಯಾವ ಮಂಡಿ?"

ಅಜ್ಜಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಮ್ಮ ಕುಸುಮನ್ನೇ ಕೇಳಿ. ಎಲ್ಲಾ ಗೊತ್ತಲ್ಲ ಅವಳಿಗೆ. ಬೆಳಗ್ಗೆ ಸಂಜೆ ನಾನು ಅವಳಿಗೆ ತಾನೇ ಹೇಳ್ಕೊಳೋದು."

ಡಾಕ್ಟರು ಕುಸುಮಾ ಕಡೆ ನೋಡಿದರು. ಕುಸುಮಾ ಬಾಯಿ ತೆರೆದಳು.

ಎಡಗಡೇದಾ? ಬಲಗಡೇದಾ?

ಅವಳಿಗೆ ಗೊತ್ತಿರಲಿಲ್ಲ.

ಸಂಜೆ ಮಂಚದ ತುದಿಯಲ್ಲಿ ಕೂತು ಅಜ್ಜಿ ಮಂಡಿಗೆ ಎಣ್ಣೆ ಹಚ್ಚುತ್ತಾಳೆ. 'ಅಯ್ಯಪ್ಪಾ, ನೋಯ್ತದೆ ಕಣೇ ಕುಸುಮಾ' ಅನ್ನುತ್ತಾಳೆ. ಕುಸುಮಾ ಪಕ್ಕದಲ್ಲೇ ಇರುತ್ತಾಳೆ, ಕೈಯಲ್ಲಿ ಅಮ್ಮನ ಫೋನು. 'ಹೂಂ ಅಜ್ಜಿ' ಅನ್ನುತ್ತಾಳೆ. ದಿನಾ ಅನ್ನುತ್ತಾಳೆ. ಎಣ್ಣೆ ಹಚ್ಚುವ ಕೈ ಯಾವ ಕಾಲಿನ ಮೇಲಿರುತ್ತಿತ್ತು ಅಂತ ಅವಳು ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ಫೋನಿನಲ್ಲಿ ನೋಡಿದ್ದೆಲ್ಲ ಚೆನ್ನಾಗಿ ನೆನಪಿಗೆ ಬಂತು.

ಈಗ ಅವಳ ಕಿವಿ ಬಿಸಿಯಾಯಿತು.

"ಬಲಗಡೇದು," ಎಂದಳು ಅಜ್ಜಿ ಕೊನೆಗೆ, ಯಾರ ಮುಖವನ್ನೂ ನೋಡದೆ.

ಡಾಕ್ಟರು ಮಂಡಿಯನ್ನು ಮೆಲ್ಲಗೆ ಮಡಚಿದರು, ಬಿಡಿಸಿದರು, ಅಲ್ಲಲ್ಲಿ ಒತ್ತಿ ಕೇಳಿದರು. ಗುಲಾಬಿ ಮಾತ್ರೆ ಇವತ್ತಿಗೇ ನಿಲ್ಲಬೇಕು ಎಂದರು. ಕಿಡ್ನಿಗೆ ಒಂದು ರಕ್ತಪರೀಕ್ಷೆ. ಮಂಡಿಗೆ ಹಚ್ಚಲು ಮುಲಾಮು, ಕೂತಲ್ಲೇ ಮಾಡುವ ಎರಡು ಎಕ್ಸರ್‌ಸೈಜು. ಸ್ಟ್ರಾಂಗ್ ಮಾತ್ರೆ ಸದ್ಯಕ್ಕೆ ಬೇಡ, ಹಳೆಯದನ್ನು ತಪ್ಪಿಸದೆ ತಗೊಂಡು ಸೋಮವಾರ ಬಂದು ಬಿಪಿ ತೋರಿಸಬೇಕು. ತಲೆ ಜಾಸ್ತಿ ಸುತ್ತಿದರೆ ಸೋಮವಾರದವರೆಗೂ ಕಾಯಬಾರದು, ತಕ್ಷಣ ಫೋನ್ ಮಾಡಬೇಕು. ಕುಸುಮಾ ಎಲ್ಲವನ್ನೂ ಬಾಯಲ್ಲೇ ಹೇಳಿಕೊಂಡು ನೆನಪಿಟ್ಟುಕೊಂಡಳು.

"ನಿಮ್ಮ ವಿಮಲಮ್ಮನಿಗೂ ಬಿಪಿ ಇದೆ ತಾನೇ?" ಎಂದರು ಡಾಕ್ಟರು. "ಅವರನ್ನೂ ಕರ್ಕೊಂಡು ಬನ್ನಿ. ಬೈಯಲ್ಲ ಅಂತ ಹೇಳಿ."

ಹೊರಗೆ ಬಂದ ಮೇಲೆ ಅಜ್ಜಿ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದಳು. ಬಲಗಾಲು ಎತ್ತಿಡುವಾಗಲೆಲ್ಲ ಭುಜ ಒಂದು ಕಡೆ ವಾಲುತ್ತಿತ್ತು. ದಿನಾ ಹೀಗೇ ನಡೆಯುತ್ತಿದ್ದಳಾ? ಬಟ್ಟೆ ಅಂಗಡಿ ದಾಟಿದರೂ ಅಜ್ಜಿ ಹಿಂದೆ ತಿರುಗಿ ನೋಡಲಿಲ್ಲ.

ಕುಸುಮಾ ಓಡಿಹೋಗಿ ಪಕ್ಕಕ್ಕೆ ಸೇರಿಕೊಂಡಳು.

"ಅಜ್ಜಿ."

ಅಜ್ಜಿ ನಡೆಯುತ್ತಲೇ ಇದ್ದಳು.

"ಅಜ್ಜಿ, ಹತ್ತುವಾಗ ಜಾಸ್ತಿ ನೋಯುತ್ತಾ, ಇಳಿಯುವಾಗ್ಲಾ?"

ಅಜ್ಜಿ ನಿಂತಳು. ಇವಳು ಸುಮ್ಮನೆ ಕೇಳುತ್ತಿದ್ದಾಳಾ, ನಿಜವಾಗಲೂ ಕೇಳುತ್ತಿದ್ದಾಳಾ ಅಂತ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೈಯೂರಿ ಕುಳಿತಳು.

"ಅದು ಶುರುವಾಗಿದ್ದು ಎಲ್ಲಿ ಗೊತ್ತಾ? ಹೋದ ವರ್ಷ ನಿಮ್ಮ ಚಿಕ್ಕಣ್ಣ ಮಾವನ ಮನೆ ಗೃಹಪ್ರವೇಶಕ್ಕೆ ಹೋಗಿದ್ವಲ್ಲ, ಅವತ್ತು ಬಸ್ ಬೇರೆ ಸಿಗಲಿಲ್ಲ..."

ಇದು ಬೇಗ ಮುಗಿಯುವ ಕತೆಯಲ್ಲ ಅಂತ ಕುಸುಮಾಗೆ ಗೊತ್ತು. ಇದರಲ್ಲಿ ಬಸ್ ಸ್ಟಾಪ್ ಬರುತ್ತದೆ, ಕಂಡಕ್ಟರ್ ಬರುತ್ತಾನೆ, ಊಟಕ್ಕೆ ಏನೇನು ಮಾಡಿದ್ದರು ಅಂತ ಪಟ್ಟಿ ಬರುತ್ತದೆ, ಮಂಡಿ ಬರುವುದು ಎಲ್ಲಕ್ಕಿಂತ ಕೊನೆಗೆ.

ಅವಳು ಅಜ್ಜಿಯ ಪಕ್ಕದಲ್ಲಿ ಕಟ್ಟೆ ಹತ್ತಿ ಕುಳಿತಳು. 'ಹೂಂ' ಅನ್ನುವುದಕ್ಕೆ ಬಾಯಿ ತೆರೆದವಳು, ಅನ್ನಲಿಲ್ಲ.

"ಆಮೇಲೆ?" ಎಂದಳು.