ಗಾಲಿಕುರ್ಚಿಯ ಮರ್ಯಾದೆ

ಏರ್‌ಪೋರ್ಟ್ ಎಂದರೆ ಕೆಂಪರಾಜುವಿಗೆ ಮೈಯೆಲ್ಲ ಉರಿ. ಗೊಟ್ಟಿಗೆರೆಯಲ್ಲಿ ಪಿಜಿಗಳ ಒಡೆಯ, ಬೀದಿಯಲ್ಲಿ ನಡೆದರೆ ನಾಲ್ಕು ಜನ ಎದ್ದು ನಮಸ್ಕಾರ ಹಾಕುವ ಮನುಷ್ಯ ಅಲ್ಲಿ ಬೆಲ್ಟ್ ಬಿಚ್ಚಿ, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಬೇಕು. ಯಾರದೋ ಬೆವರಿನ ಶೂ ಇಟ್ಟ ಟ್ರೇಯಲ್ಲೇ ತನ್ನ ಫೋನ್ ಇಡಬೇಕು. ಥೂ! ಕುಡಿಯುವ ನೀರನ್ನು ಕಸದ ಡಬ್ಬಿಗೆ ಹಾಕಿಸಿ, ಒಳಗೆ ಕಾಫಿಗೆ ಸುಲಿಯುತ್ತಾರೆ. ಹೋದ ಸಲ ಶಾರ್ಜಾದಿಂದ ಬಂದಾಗ ಕಸ್ಟಮ್ಸಿನವನು ಅವನ ಚಡ್ಡಿ, ಬನಿಯನ್ನುಗಳನ್ನೆಲ್ಲ ಮೇಜಿನ ಮೇಲೆ ಹರವಿ, ಮಗಳು ಅರ್ಪಿತಳ ಮದುವೆಗೆಂದು ತಂದ ಬಳೆಗಳನ್ನು ಸುಂಕ ಕಟ್ಟಿಲ್ಲವೆಂದು ಎತ್ತಿಟ್ಟುಕೊಂಡಿದ್ದ.

ಅಂದೇ ಅವನ ಕಣ್ಣಿಗೆ ಗಾಲಿಕುರ್ಚಿ ಬಿದ್ದದ್ದು. ಅದರಲ್ಲಿ ಕೂತವರಿಗೆ ಕ್ಯೂ ಇಲ್ಲ, ಗದರಿಕೆ ಇಲ್ಲ. ಈ ನರಕದಲ್ಲಿ ಮರ್ಯಾದೆ ಸಿಗುವುದು ಕಾಲು ಮುರಿದವರಿಗೆ ಮಾತ್ರ! ನೀವು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಎಂದುಕೊಂಡ.

ಈ ಸಲ ಒಂದು ಸೈಟು ಮಾರಿ, ಮದುವೆಯ ಚಿನ್ನವನ್ನೆಲ್ಲ ಶಾರ್ಜಾದಲ್ಲೇ ಕೊಂಡ. ತೆಳ್ಳಗೆ ತಟ್ಟಿಸಿ, ಮೊಣಕಾಲ ಕೆಳಗೆ ಸುತ್ತಿ, ಮೇಲೆ ಪ್ಲಾಸ್ಟರ್ ಹಾಕಿಸಿದ. ಯಂತ್ರ ಕೂಗಿದರೆ ತೋರಿಸಲು, ಮೂಳೆಗೆ ಸ್ಟೀಲ್ ಪಟ್ಟಿ ಹಾಕಿದೆ ಎಂಬ ಡಾಕ್ಟರ ಚೀಟಿ. ಕನ್ನಡಿ ಮುಂದೆ ನರಳುವುದನ್ನೂ ಕಲಿತ. ಹೆಚ್ಚು ನರಳಿದರೆ ಡಾಕ್ಟರನ್ನು ಕರೆಯುತ್ತಾರೆ, ಕಡಿಮೆ ನರಳಿದರೆ ಅನುಮಾನ ಪಡುತ್ತಾರೆ.

ಬೆಂಗಳೂರಿನಲ್ಲಿ ಇಳಿದು ಗಾಲಿಕುರ್ಚಿಯಲ್ಲಿ ಕೂತಾಗ ಪ್ಲಾಸ್ಟರಿನೊಳಗಿಂದ ದಿನಗಟ್ಟಲೆ ಬೆವರಿದ ಕಾಲಿನ ಕೊಳೆತ ನಾತ ಬರುತ್ತಿತ್ತು. ಅದೂ ಒಳ್ಳೆಯದೇ ಆಯಿತು, ಯಾರೂ ಹತ್ತಿರ ಬರಲಿಲ್ಲ. ಯಂತ್ರ ಕೂಗಿತು. ಕಸ್ಟಮ್ಸ್ ಮೇಡಂ ಮೂಗು ಮುಚ್ಚಿಕೊಂಡೇ ಚೀಟಿ ಓದಿದರು.

"ಹೆಂಗಾಯ್ತು ಅಂಕಲ್?"

"ಬಾತ್‌ರೂಮಲ್ಲಿ ಜಾರ್ಬಿಟ್ಟೆ ಮೇಡಂ. ಕಾಲು ನೆಲಕ್ಕೆ ಊರಕ್ಕಾಗಲ್ಲ."

"ಅಯ್ಯೋ ಪಾಪ. ಹೋಗಿ, ಹುಷಾರು."

ಊರಿನ ಗಣಪತಿಗಳೆಲ್ಲ ಆಗಲೇ ಕೆರೆ ಸೇರಿದ್ದವು, ಆದರೆ ಕಸ್ಟಮ್ಸಿನವರು ತಮ್ಮ ಗಣಪನನ್ನು ಇನ್ನೂ ಬಿಟ್ಟಿರಲಿಲ್ಲ. ಬಾಗಿಲ ಪಕ್ಕದಲ್ಲೇ ಕೂರಿಸಿ, ಆಗಷ್ಟೇ ಮಂಗಳಾರತಿ ಎತ್ತಿದ್ದರು. ಗಂಟೆ ಕೇಳಿದ್ದೇ ಕೆಂಪರಾಜುವಿನ ಎದೆ ತುಂಬಿ ಬಂತು. ಕಾಪಾಡಿದೆಯಪ್ಪಾ! ಗಣಪನ ಮುಂದೆ ಕೂತೇ ಕೈಮುಗಿದು ಗೊತ್ತಿಲ್ಲದ ಜೀವ ಅದು. ಕುರ್ಚಿಯಿಂದ ಎದ್ದು ನಿಂತ, ಬಲಗೈಯಲ್ಲಿ ಎಡಗಿವಿ, ಎಡಗೈಯಲ್ಲಿ ಬಲಗಿವಿ ಹಿಡಿದ, ಕಣ್ಣು ಮುಚ್ಚಿ ಭಕ್ತಿಯಿಂದ ಮೂರು ಬಸ್ಕಿ ಹೊಡೆದ. ಕಣ್ಣು ಬಿಟ್ಟಾಗ ಗಂಟೆ ನಿಂತಿತ್ತು. ಮೇಡಂ ಯಾರಿಗೋ ಕತ್ತರಿ ತರಲು ಹೇಳುತ್ತಿದ್ದರು.